ಕೆಂಡ ಕೇಳದ ಮನೆ

“ಗುರುಗಳೇ, ಪರದೇಶದಲ್ಲಿ ನೆಲೆಸಬೇಕೆಂದಿದ್ದೇನೆ. ಎಂಥ ಊರನ್ನು ಆರಿಸಿಕೊಳ್ಳಲಿ? ಅಲ್ಲಿಯವರ ರೀತಿನೀತಿಗೆ ಎಷ್ಟು ಬಾಗಲಿ?” ಎಂದು ಶಿಷ್ಯ ಬಾಳಯ್ಯ ಕೇಳಿದ.

ಅವನು ಆಗಲೇ ಗಂಟು ಕಟ್ಟಿಯಾಗಿತ್ತು. ಸೂಜಿ, ಉಪ್ಪು, ಬೆಂಕಿ ಹೊತ್ತಿಸುವ ಚಕಮಕಿ ಕಲ್ಲು, ಎಲ್ಲ ಅದರಲ್ಲಿದ್ದವು. ಯಾರ ಬಾಗಿಲಿಗೂ ಹೋಗುವ ಪ್ರಮೇಯ ಬರಬಾರದೆಂದು ತಾನೇ ಆಯ್ದು ಕಟ್ಟಿದ್ದ.

ಗುರುಗಳು ಗಂಟನ್ನು ನೋಡಿ ಕತೆಯೊಂದನ್ನು ಹೇಳತೊಡಗಿದರು.

ಒಬ್ಬ ನೇಕಾರ ಹೆಂಗಸು ಇದ್ದಳು. ಗಂಡ ತೀರಿಕೊಂಡ ಮೇಲೆ ಕೂಸನ್ನು ಕಂಕುಳಿಗೇರಿಸಿಕೊಂಡು ದೇಶ ಬಿಟ್ಟಳು. ಮೊದಲ ಊರಿನವರು ಅವಳ ಮಾತು ಕೇಳಿ ನಕ್ಕರು, ಮುಂದೆ ನಡೆದಳು. ಎರಡನೆಯ ಊರಿನವರು ಕನಿಕರಪಟ್ಟು ಅನ್ನವಿಟ್ಟರು. ಅದು ನಗೆಗಿಂತ ಹೆಚ್ಚು ಚುಚ್ಚಿತು. ಮಂಜು ಬೀಳುವ ಮೂರನೆಯ ಊರಿನಲ್ಲಿ ಯಾರೂ ಏನೂ ಕೇಳಲಿಲ್ಲ. ಇದೇ ನನ್ನ ಊರು ಎಂದು ಅಲ್ಲಿ ಮಗ್ಗ ಹೂಡಿದಳು.

ವರ್ಷ ತುಂಬುವುದರೊಳಗೆ ಅಲ್ಲಿಯ ಮಾತು, ಉಡುಗೆ, ಊಟ ಎಲ್ಲ ಅವಳಿಗೆ ಒಗ್ಗಿದವು. ಒಂದು ಪದ್ಧತಿಗೆ ಮಾತ್ರ ಅವಳು ಬಗ್ಗಲಿಲ್ಲ. ಆ ಊರಿನಲ್ಲಿ ಮಲಗುವ ಮುನ್ನ ಎಲ್ಲರೂ ಒಲೆ ಆರಿಸುತ್ತಿದ್ದರು. ಬೆಳಗ್ಗೆ ಬೀದಿಯ ಮೊದಲ ಮನೆಯವರು ಬೆಂಕಿ ಹೊತ್ತಿಸಿದರೆ, ಉಳಿದವರು ಮಡಕೆಯ ಚೂರು ಹಿಡಿದು ಹೋಗಿ ನೆರೆಮನೆಯಿಂದ ಕೆಂಡ ಕೇಳಿ ತರುತ್ತಿದ್ದರು. ಇವಳು ಕೆಂಡದ ಮೇಲೆ ಬೂದಿ ಮುಚ್ಚಿಟ್ಟು, ಬೆಳಗ್ಗೆ ಊದಿ, ತನ್ನ ಬೆಂಕಿಯನ್ನು ತಾನೇ ಎಬ್ಬಿಸುತ್ತಿದ್ದಳು.

“ನಿಮ್ಮ ಒಲೆಗೆ ನೆಂಟರೇ ಇಲ್ಲವೇನಮ್ಮ?” ಎಂದು ಪಕ್ಕದ ಮನೆಯ ಮುದುಕಿ ಒಮ್ಮೆ ಕೆಣಕಿದಳು.

“ಇನ್ನೊಬ್ಬರ ಬಾಗಿಲಲ್ಲಿ ನಿಂತು ನನಗೆ ಅಭ್ಯಾಸವಿಲ್ಲ, ಅಜ್ಜಿ. ನಿಮಗೆ ಬೇಕಾದರೆ ನನ್ನಲ್ಲಿಂದ ಒಯ್ಯಿರಿ.”

“ಕೊಡುವ ಕೈ ಯಾವಾಗಲೂ ಮೇಲೇ ಇರುತ್ತದೆ, ತಾಯಿ” ಎಂದು ಮುದುಕಿ ಚೂರು ಹಿಡಿದು ಆಚೆಮನೆಗೆ ನಡೆದಳು.

ಚಳಿ ಏರಿದ ಒಂದು ಬೆಳಗ್ಗೆ ನೇಕಾರಳು ನೀರಿನ ಹಂಡೆ ಎತ್ತಿ ತಿರುಗುವಾಗ ಕಾಲು ಜಾರಿ ಬಿದ್ದಳು. ನೀರು ಒಲೆಗೆ ಸುರಿದು ಕೆಂಡ ಸತ್ತಿತು. ಆಧಾರಕ್ಕೆಂದು ಹಿಡಿದ ಮಗ್ಗದ ಮರ ಅವಳ ಕಾಲ ಮೇಲೆಯೇ ಉರುಳಿತು. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ತೊಟ್ಟಿಲು ಕೈಗೆ ಎಟುಕಲಿಲ್ಲ. ಚಳಿಗೆ ಕೂಸು ಅಳತೊಡಗಿತು.

ಹೊರಗೆ ಹೆಂಗಸರ ಹೆಜ್ಜೆ ಕೇಳಿತು. ಕೂಗಿದರೆ ಕೇಳುವಷ್ಟು ಹತ್ತಿರ. ಇನ್ನೊಮ್ಮೆ ನೂಕಿದರೆ ಬಿಡಿಸಿಕೊಂಡೇನು ಎಂದು ಅವಳು ಹಲ್ಲು ಕಚ್ಚಿ ನೂಕಿದಳು. ಮರ ಅಲುಗಲಿಲ್ಲ.

“ಕೂಸು ಅಳುತ್ತಿದೆಯಲ್ಲ” ಎಂದಳು ಹೊರಗೆ ಒಬ್ಬಳು.

“ಆ ಮನೆಯ ಚಿಂತೆ ನಿನಗೇಕೆ? ಅಲ್ಲಿ ಒಲೆ ಎಂದೂ ಆರುವುದಿಲ್ಲ” ಎಂದಳು ಮುದುಕಿ.

ಹೆಜ್ಜೆಗಳು ದೂರವಾದವು. ಕೂಸಿನ ಅಳು ಸಣ್ಣಗಾಯಿತು. ಆಮೇಲೆ ನಿಂತೇ ಹೋಯಿತು.

ಮುದುಕಿ ಕೆಂಡ ಹಿಡಿದು ಹಿಂದಿರುಗುವ ಸದ್ದಾಯಿತು. ಹುಟ್ಟಿದಂದಿನಿಂದ ಆಡದ ಮಾತನ್ನು ನೇಕಾರಳು ಕೂಗಿ ಹೇಳಿದಳು.

“ಅಜ್ಜಿ, ನನ್ನ ಒಲೆ ಆರಿದೆ. ಒಂದು ಕೆಂಡ ಕೊಡಿ.”

ಹೆಜ್ಜೆ ನಿಂತಿತು. ಕ್ಷಣದಲ್ಲಿ ಬೀದಿಯೇ ಸೇರಿ ಬಾಗಿಲು ಒಡೆಯಿತು. ಮುದುಕಿ ಕೂಸನ್ನು ಎದೆಗೆ ಅವುಚಿಕೊಂಡಳು; ಉಳಿದವರು ಮರ ಎತ್ತಿದರು. ಒಲೆ ಹೊತ್ತಿ ಮನೆ ಬೆಚ್ಚಗಾದ ಎಷ್ಟೋ ಹೊತ್ತಿನ ಮೇಲೆ ಕೂಸು ಮತ್ತೆ ಅತ್ತಿತು.

“ಕೆಂಡಕ್ಕೆ ಬಾರದ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಎಂದು ನಾವೇ ಓಡಿ ಹೋಗುತ್ತೇವೆ” ಎಂದಳು ಮುದುಕಿ. “ನೀನು ಯಾವತ್ತೂ ಬಂದವಳಲ್ಲ. ಇವತ್ತು ಬಾರದ್ದು ನಮಗೆ ಹೇಗೆ ತಿಳಿಯಬೇಕು, ಮಗಳೇ?”

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ನಾನು ಯಾವ ಊರಿಗೆ ಹೋಗಲಿ?” ಎಂದ ಬಾಳಯ್ಯ.

“ಯಾವ ಊರಿಗಾದರೂ ಹೋಗು; ಆ ಚಕಮಕಿ ಕಲ್ಲನ್ನು ಮಾತ್ರ ಇಲ್ಲಿಟ್ಟು ಹೋಗು.”

ಗಂಟು ಬಿಚ್ಚಲು ಹೋದ ಬಾಳಯ್ಯನ ಕೈ ಅದರ ಮೇಲೆಯೇ ನಿಂತಿತು.