ಏರಿಯ ಮೈಗೆ ಗುದ್ದಲಿ

"ಗುರುಗಳು ಹೇಳಿದ್ದನ್ನು ಶಿಷ್ಯ ತಿದ್ದಬಹುದೆ?" ಎಂದು ಸಂಗಯ್ಯ ತನ್ನ ಗುರುಗಳನ್ನೇ ಕೇಳಿದ.

ಹಿಂದಿನ ದಿನ ಸಭೆಯಲ್ಲಿ ಗುರುಗಳ ಮಾತೊಂದಕ್ಕೆ, "ಅದು ಹಾಗಲ್ಲ" ಎಂದು ಅವನ ಬಾಯಿಂದ ಬಂದುಬಿಟ್ಟಿತ್ತು. ಎಲ್ಲರೂ ತಿರುಗಿ ನೋಡಿದರು. ಉಳಿದ ಮಾತನ್ನು ನುಂಗಿಕೊಂಡು ತಲೆ ತಗ್ಗಿಸಿ ಕುಳಿತಿದ್ದ. ಆಮೇಲೆ ಅವನಿಗೆ ಊಟವೂ ಸೇರಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಗುಡ್ಡದ ಬುಡದಲ್ಲಿ ಒಂದು ಪೇಟೆ. ಗುಡ್ಡದಿಂದ ಇಳಿಯುವ ಹಳ್ಳ ಪ್ರತಿ ಮಳೆಗಾಲ ಪೇಟೆಗೆ ನುಗ್ಗುತ್ತಿತ್ತು. ಮಣ್ಣಿನ ಕೆಲಸದವನೊಬ್ಬ ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿದ. ನೀರು ಕೂಡಿಡುವ ಏರಿಯಲ್ಲ. ನೆರೆಯನ್ನು ತಡೆದು ನಿಲ್ಲಿಸಿ, ತೂಬಿನಿಂದ ಮೆಲ್ಲಗೆ ಬಿಡುವ ಏರಿ. ವರ್ಷಕ್ಕೆ ನಾಲ್ಕು ದಿನ ತುಂಬುತ್ತದೆ, ಉಳಿದ ದಿನ ಒಣಗಿರುತ್ತದೆ. ತುಂಬಿದ ಕೆರೆಗೆ ಬಾಗಿನ ಕೊಡುತ್ತಾರೆ. ಒಣ ಏರಿಗೆ ಏನು ಕೊಡುವುದು? ಪೇಟೆಯವರು ಮರ್ಯಾದೆ ಕೊಟ್ಟರು. ಅದರ ಮೇಲೆ ಚಪ್ಪಲಿ ಮೆಟ್ಟಿ ನಡೆಯಲಿಲ್ಲ. ಅದರ ಮೈಗೆ ಯಾರೂ ಗುದ್ದಲಿ ಮುಟ್ಟಿಸಬಾರದೆಂದು ಕಟ್ಟುಪಾಡು ಮಾಡಿಕೊಂಡರು.

ನಲವತ್ತು ವರ್ಷ ಏರಿ ನಿಂತಿತು. ಹೆದರಿಕೆ ಹೋದ ಮೇಲೆ ಪೇಟೆ ಬೆಳೆಯದೆ ಬಿಡುತ್ತದೆಯೆ? ಏರಿಯ ಕೆಳಗೆ ಹಳ್ಳದ ದಂಡೆಯವರೆಗೂ ಮನೆಗಳೆದ್ದವು. ಮೇಲೆ ಹೊಲಗಳಿದ್ದಲ್ಲಿ ಬೀದಿಗಳಾದವು. ಮೊದಲು ನೆಲ ಕುಡಿಯುತ್ತಿದ್ದ ಮಳೆ ಈಗ ಕಲ್ಲುಹಾಸಿನ ಮೇಲೆ ಜಾರಿ ನೇರ ಹಳ್ಳಕ್ಕೆ ಬಿತ್ತು. ನೀರು ಏರಿಯ ತಲೆಯವರೆಗೆ ಬರತೊಡಗಿತು. ಏರಿಯನ್ನು ಎತ್ತರಿಸಲೇಬೇಕು ಎಂದು ಹಿರಿಯರು ತೀರ್ಮಾನಿಸಿದರು.

ಕಟ್ಟಿದವನಿಗೆ ಆಗ ವಯಸ್ಸಾಗಿತ್ತು. ಅವನ ಸೊಸೆ ಅವನ ಕೈಕೆಳಗೇ ಕೆಲಸ ಕಲಿತವಳು. ಎತ್ತರಿಸುವ ಕೆಲಸ ಅವಳಿಗೆ ಬಂತು. ಆದರೆ ಏರಿಯ ಮೈ ಅಗೆಯಕೂಡದು, ಹೊಸ ಮಣ್ಣನ್ನು ಮೇಲೆಯೇ ಹಾಕು ಎಂದು ಹಿರಿಯರು ಹೇಳಿದರು. ಮುದುಕ ಬದುಕಿರುವಾಗ ಅವನ ಏರಿಯನ್ನು ಕಡಿಯುವುದು ಅವರಿಗೆ ಅವನನ್ನೇ ಕಡಿದಂತೆ. ಸೊಸೆ ಮಾವನ ಮುಖ ನೋಡಿದಳು. ಮಾವ ಸುಮ್ಮನಿದ್ದ. ಆ ಮರ್ಯಾದೆ ಅವನಿಗೂ ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಅವಳು ಹೇಳಿದಂತೆ ಮಾಡಿದಳು.

ಮೊದಲ ದೊಡ್ಡ ಮಳೆಗೆ ಹೊಸ ಮಣ್ಣು ಬಂಡೆಗೆ ಮೆತ್ತಿದ ಸಗಣಿಯ ಹಾಗೆ ಜಾರಿ ಬಿತ್ತು. ನೀರು ಏರಿಯ ತಲೆ ದಾಟಿತು. ಕೆಳಗಿನ ಬೀದಿಯಲ್ಲಿ ಬಾಣಂತಿಯೊಬ್ಬಳನ್ನು ಮಂಚದ ಸಮೇತ ಎತ್ತಿ ಸಾಗಿಸಬೇಕಾಯಿತು. ಹಳೆಯ ಏರಿ ಮಾತ್ರ ಕದಲಲಿಲ್ಲ.

ತನ್ನ ಏರಿ ನಿಂತಿತಲ್ಲ ಎಂದು ಮುದುಕ ಮೀಸೆ ಸವರಿಕೊಂಡ. ಸೊಸೆ ಇನ್ನು ಸುಮ್ಮನಿರಲಿಲ್ಲ.

"ಮಾವ, ನಿಮ್ಮ ಏರಿ ಅಷ್ಟು ಗಟ್ಟಿ, ಅದಕ್ಕೇ ಹೊಸ ಮಣ್ಣನ್ನ ಅದು ಹಿಡ್ಕೊಳ್ಳಲಿಲ್ಲ. ಮೈ ಕಡಿದು ಮೆಟ್ಟಿಲು ಮಾಡಿದರೇ ಹಳೆ ಮಣ್ಣು ಹೊಸ ಮಣ್ಣು ಒಂದಾಗೋದು. ಇದನ್ನ ನನಗೆ ಕಲಿಸಿದೋರು ನೀವೇ. ಅವತ್ತು ನೀವೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆ ಬಾಣಂತಿಗೆ ಏನಾದ್ರೂ ಆಗಿದ್ದರೆ?"

ಮುದುಕನಿಗೆ ಸೊಸೆಯ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಮರುದಿನ ಬೆಳಗ್ಗೆ ಊರಿನವರನ್ನು ಕರೆಸಿ ಎಲ್ಲರೆದುರು ಏರಿ ಹತ್ತಿದ. ಗುದ್ದಲಿ ಎತ್ತಿ ತಾನೇ ಮೊದಲ ಏಟು ಹಾಕಿದ. ಗುದ್ದಲಿ ಪುಟಿದು ಹಿಂದೆ ಬಂತು. ನಲವತ್ತು ವರ್ಷದ ಹಿಂದೆ ದಮ್ಮಸು ಹಾಕಿ, ಬಡಿದು ಗಟ್ಟಿ ಮಾಡಿದ ಮಣ್ಣು! ಮುದುಕ ಮಗುವಿನಂತೆ ನಕ್ಕ. ಎರಡನೆಯ ಏಟಿಗೆ ಮಣ್ಣು ಬಿರಿಯಿತು. ಅವನು ಗುದ್ದಲಿಯನ್ನು ಸೊಸೆಯ ಕೈಗೆ ಕೊಟ್ಟ.

"ನಿಲ್ಲಿಸಬೇಡ ಕಣಮ್ಮ. ನನ್ನ ಮುಖ ನೋಡ್ಕೊಂಡು ನಿಂತರೆ ಮತ್ತೆ ಮಣ್ಣು ಜಾರುತ್ತೆ" ಎಂದ.

ಅವಳು ಹಳೆಯ ಏರಿಯ ಮೈಯಲ್ಲಿ ಉದ್ದಕ್ಕೂ ಮೆಟ್ಟಿಲು ಕಡಿದಳು. ಪದರ ಪದರವಾಗಿ ಮಣ್ಣು ಹಾಕಿ, ನೀರು ಚಿಮುಕಿಸಿ, ದಮ್ಮಸು ಹಾಕಿಸಿದಳು. ಎರಡು ಆಳು ಎತ್ತರ ಹೆಚ್ಚಿತು. ಹಳೆಯ ಏರಿ ಪೂರ್ತಿ ಒಳಗೆ ಹೋಯಿತು, ಅದರ ಒಂದು ಗೇಣೂ ಹೊರಗೆ ಕಾಣಲಿಲ್ಲ.

ಮುಂದಿನ ವರ್ಷ ಹಿಂದೆಂದೂ ಕಾಣದ ನೆರೆ ಬಂತು. ನೀರು ಹಳೆಯ ಏರಿಯ ಮಟ್ಟವನ್ನು ದಾಟಿ ಒಂದು ಆಳು ಮೇಲೆ ನಿಂತಿತು. ಮುದುಕ ಕೆಳಗಿನ ಬೀದಿಗೆ ಹೋಗಿ ಹಿಂದಿನ ವರ್ಷದ ಬಾಣಂತಿಯ ಮನೆಯ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕುಳಿತ. ಬೀದಿಯಲ್ಲಿ ಹರಿದ ಮಳೆನೀರು ಅವನ ಅಂಗಾಲನ್ನೂ ತೋಯಿಸಲಿಲ್ಲ. ಹಾದುಹೋದವರು ಏರಿ ಕಟ್ಟಿದವನೆಂದು ಅವನಿಗೆ ಕೈ ಮುಗಿದರು. ಒಬ್ಬೊಬ್ಬರನ್ನೂ ನಿಲ್ಲಿಸಿ, ಅದನ್ನು ಕಟ್ಟಿದ್ದು ತನ್ನ ಸೊಸೆ ಎಂದು ಹೇಳಿ ಕಳಿಸಿದ. ತಾನು ಏರಿ ಕಟ್ಟಿದ ವರ್ಷವೂ ಅವನು ಅಷ್ಟು ಬೀಗಿರಲಿಲ್ಲವಂತೆ.

ಕತೆ ಮುಗಿಸಿ ಗುರುಗಳು ಸಂಗಯ್ಯನ ಮುಖ ನೋಡಿದರು.

"ನಿನ್ನೆ ಒಂದೇ ಏಟು ಹಾಕಿ ಗುದ್ದಲಿ ಕೆಳಗಿಟ್ಟೆಯಲ್ಲ, ಯಾಕೆ?"