ಕೊರೆಹುಳುವಿನ ಸಾಕ್ಷಿ

ಹಳೆ ಸಾಮಾನಿನ ಅಂಗಡಿಯ ಮೂಲೆಯಲ್ಲಿ ಒರಗಿದ್ದ ಎರಡು ಜಪಾನಿ ಬತ್ತಿಕೋವಿಗಳಿಗೆ ಜಗಳ ಹತ್ತಿತು. ನಾನೇ ಪುರಾತನ, ನೀನು ನಕಲಿ ಎಂದು ಒಂದನ್ನೊಂದು ಜರೆದವು. ಕೋವಿಮದ್ದು ತುಂಬುವ ಸೋರೆಬುರುಡೆ ಪಂಚಾಯಿತಿಗೆ ಕೂತು, ಮೊದಲನೆಯ ಕೋವಿಯ ಮರದಲ್ಲೇ ಹುಟ್ಟಿ ಮುದಿಯಾಗಿದ್ದ ಕೊರೆಹುಳುವನ್ನು ಸಾಕ್ಷಿಗೆ ಕರೆಯಿತು.

ಎರಡನೆಯ ಕೋವಿ ಹುಳುವಿನ ಕಿವಿಯಲ್ಲಿ ಉಸುರಿತು: “ಹುಳುವಯ್ಯಾ, ನಿಮ್ಮ ಮನೆಯ ಮರವೆಲ್ಲ ಪುಡಿಯಾಗಿದೆ. ನನ್ನ ಮೈಮೇಲಿನ ತೂತುಗಳನ್ನೂ ನಿಮ್ಮ ಹಿರಿಯರೇ ಕೊರೆದದ್ದು ಎಂದುಬಿಡಿ, ಹುಳು ತಿಂದ ಮರವೆಂದರೆ ಹಳೆಯದೆಂದು ಎಲ್ಲರೂ ನಂಬುತ್ತಾರೆ. ನನ್ನ ಮರವಷ್ಟೂ ನಿಮಗೇ.”

ಹುಳುವಿಗೆ ಹಸಿವಿತ್ತು, ಒಪ್ಪಿತು. ಶಾಸ್ತ್ರಕ್ಕಿರಲಿ ಎಂದು ಒಂದು ತೂತಿನೊಳಗೆ ನುಗ್ಗಿತು. ಈಗ ತಿರುವು ಬಂದೀತು, ಆಗ ಬಂದೀತು ಎನ್ನುವಷ್ಟರಲ್ಲಿ ಆಚೆ ಬದಿಯಲ್ಲಿ ಹೊರಬಿದ್ದಿತ್ತು.

“ಏನು ಹೇಳುತ್ತೀರಿ?” ಎಂದಿತು ಸೋರೆಬುರುಡೆ.

“ಹೊಟ್ಟೆಪಾಡಿಗೆ ಸುಳ್ಳು ಹೇಳೋಣವೆಂದೇ ಬಂದಿದ್ದೆ, ಸ್ವಾಮಿ. ಆದರೆ ಈ ತೂತನ್ನು ಹಿರಿಯರ ತಲೆಗೆ ಕಟ್ಟಲಾರೆ. ಮರ ತಿನ್ನುವವರು ನಾವು, ರುಚಿ ಕಂಡ ಕಡೆಗೆಲ್ಲ ತಿರುಗುತ್ತೇವೆ. ಇದು ಬೈರಿಗೆಯ ಕೆಲಸ. ನಮ್ಮ ವಂಶದಲ್ಲಿ ಇಷ್ಟು ನೆಟ್ಟಗೆ ನಡೆದವರು ಒಬ್ಬರೂ ಇಲ್ಲ.”

ಹಾಗೆಂದು ಹುಳು ತನ್ನ ಪುಡಿಮರದ ಮನೆಯ ಕಡೆಗೆ ಸೊಟ್ಟಸೊಟ್ಟಗೆ ಹೊರಟಿತು.