ಯಾರ ಕಾಲು?

"ಗುರುಗಳೇ, ನಮ್ಮ ನಗರದಲ್ಲಿ ಈಗ ಬೀದಿಗೊಂದು ಮಾತಾಡುವ ಕಂಬ. ಏನು ಕೇಳಿದರೂ ಹೇಳುತ್ತದೆ. ಇನ್ನು ಗ್ರಂಥಾಲಯ ಯಾಕೆ? ಅದರೊಳಗೆ ಒಬ್ಬರು ಕೂತಿರುವುದು ಯಾಕೆ?" ಎಂದು ಶಿಷ್ಯ ಕೇಳಿದ.

ಶಿಷ್ಯ ನಗರಪಾಲಿಕೆಯ ನೌಕರ. ಗ್ರಂಥಾಲಯಕ್ಕೆ ಬೀಗ ಹಾಕಿಸುವ ಆದೇಶ ಅವನ ಚೀಲದಲ್ಲೇ ಇತ್ತು. ಅದನ್ನು ಅವನು ಹೇಳಲಿಲ್ಲ.

"ಯಾರಿಗಾಗಿ ಕೇಳುತ್ತೀಯಪ್ಪ?" ಎಂದರು ಗುರು.

"ಸುಮ್ಮನೆ ಕೇಳಿದೆ."

ಗುರು ಚೀಲದ ಕಡೆ ನೋಡಿದರು. ಆಮೇಲೆ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ಹೆಂಡತಿಗೆ ಎರಡು ಬಸುರು ನಿಂತಿರಲಿಲ್ಲ. ಮೂರನೆಯದಕ್ಕೆ ಏಳು ತಿಂಗಳು ತುಂಬಿತು. ದೃಷ್ಟಿ ತಾಗೀತೆಂದು ಗಂಡ ಹೆಂಡತಿ ಯಾರಿಗೂ ಹೇಳಲಿಲ್ಲ. ಆಕೆ ಹೊಸ್ತಿಲು ದಾಟಲಿಲ್ಲ. ಮನೆಮನೆ ತಿರುಗುವ ದಾದಿ ಬಂದರೂ ಕದ ತೆರೆಯಲಿಲ್ಲ.

ಆಕೆಯ ಕಾಲು ಊದಿತು. ತಲೆನೋವೂ ಬಂತು. ನೇಕಾರ ಗ್ರಂಥಾಲಯಕ್ಕೆ ಹೋದ.

"ಕಾಲು ಊದಿದರೆ ಏನು ಮಾಡಬೇಕು? ಅದಕ್ಕೊಂದು ಪುಸ್ತಕ ಕೊಡಿ."

ಅಲ್ಲಿದ್ದ ಹೆಂಗಸಿಗೆ ಒಂದು ರೂಢಿ. ಯಾರಿಗೆ ಎಂದು ತಿಳಿಯದೆ ಪುಸ್ತಕ ತೆಗೆಯುತ್ತಿರಲಿಲ್ಲ.

"ಯಾರ ಕಾಲಣ್ಣ? ಗಂಡಸರದೋ, ಹೆಂಗಸರದೋ?"

"ಯಾರದಾದರೆ ನಿಮಗೇನು? ಪುಸ್ತಕ ಕೊಡೋರೋ, ಪೊಲೀಸರೋ ನೀವು?"

"ಬೈಯಿರಿ, ಪರವಾಗಿಲ್ಲ. ಬೇರೆ ನೋವೇನಾದರೂ ಇದೆಯೇ, ಅದನ್ನು ಹೇಳಿ."

ಇವಳಿಗೆ ಸುಳಿವು ಸಿಕ್ಕಿದೆ, ಊರಿಗೆಲ್ಲ ಹೇಳುತ್ತಾಳೆ ಎಂದು ಅವನಿಗೆ ಅನುಮಾನ. ಹೊರಟುಬಿಟ್ಟ.

ಹೊರಗೆ ಕಂಬ ಇತ್ತು. ಅದನ್ನೂ ಹಾಗೆಯೇ ಕೇಳಿದ. ಅದು ಯಾರ ಕಾಲೆಂದು ಕೇಳಲಿಲ್ಲ. ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲಿಡಿ, ದಿಂಬಿನ ಮೇಲೆ ಕಾಲು ಚಾಚಿ ಮಲಗಿ ಎಂದಿತು. ನೇಕಾರನಿಗೆ ಸಮಾಧಾನವಾಯಿತು. ಮೂರು ದಿನ ಹೆಂಡತಿಗೆ ಹಾಗೆಯೇ ಮಾಡಿಸಿದ. ಊತ ಇಳಿದಂತೆ ಕಂಡಿತು.

ನಾಲ್ಕನೆಯ ದಿನ ಆಕೆಯ ಕಣ್ಣು ಮಂಜಾಯಿತು. ಮೈ ಸೆಟೆದು ನಡುಗಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು. ಒಳಗಿನ ಕೂಸೂ ಹೋಯಿತು.

"ಬಸುರಿಗೆ ಕಾಲು ಊದಿ ತಲೆನೋವು ಬಂದರೆ ಆ ದಿನವೇ ಕರೆತರಬೇಕಿತ್ತು" ಎಂದರು ವೈದ್ಯರು.

ನೇಕಾರ ಮನೆಗೆ ಬಂದ. ಉಪ್ಪುನೀರಿನ ಬೋಗುಣಿ ಮಂಚದ ಹತ್ತಿರ ಹಾಗೇ ಇತ್ತು. ಅದನ್ನು ಚೆಲ್ಲಲು ಅವನಿಗೆ ಕೈ ಬರಲಿಲ್ಲ.

ಗುರು ಕತೆ ನಿಲ್ಲಿಸಿದರು.

"ಹಾಗಾದರೆ ಕಂಬ ಸುಳ್ಳು ಹೇಳಿತೇ?" ಎಂದ ಶಿಷ್ಯ.

"ಇಲ್ಲಪ್ಪ. ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿತು."

ಶಿಷ್ಯ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ.

ಗುರು ಅವನ ಮುಖ ನೋಡಿ ಅಂದರು: "ಈಗ ಹೇಳು, ಯಾರಿಗಾಗಿ ಕೇಳಿದೆ?"